‘ಎರಡೇ ಸಲ ಹಾರಿಸಿದ್ದು ಬ್ರೋ’ ಅಂದವನನ್ನು ನಂಬಿ ಆರ್‌ಸಿ ಹೆಲಿಕಾಪ್ಟರ್ ಕೊಂಡೆ

ಬರೆಯಲೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ನಾಚಿಕೆ, ಮತ್ತೇನಿಲ್ಲ. ಸೆಕೆಂಡ್ ಹ್ಯಾಂಡ್ ಬೈಕು, ಫ್ರಿಜ್ಜು ಎಲ್ಲ ಚೌಕಾಸಿ ಮಾಡಿ ಕೊಂಡವನು ನಾನು. ನನಗೇ ಟೋಪಿ ಹಾಕಿದ.

ಜಯನಗರದ ಕಡೆಯ ಒಬ್ಬ, ರಿಮೋಟಿನಲ್ಲಿ ಹಾರಿಸುವ 450 ಸೈಜಿನ ಹೆಲಿಕಾಪ್ಟರ್ ಮಾರಾಟಕ್ಕಿದೆ ಅಂತ ಆನ್‌ಲೈನ್‌ನಲ್ಲಿ ಹಾಕಿದ್ದ. ರೆಡ್ ಆಕ್ಸೈಡ್ ನೆಲದ ಮೇಲಿಟ್ಟು ತೆಗೆದ ಫೋಟೋ, ಫಳಫಳ ಹೊಳೆಯುತ್ತಿತ್ತು. ರಿಮೋಟು, ಚಾರ್ಜರು, ಎರಡು ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಸೇರಿ 22,000. ‘ಎರಡೇ ಸಲ ಹಾರಿಸಿದ್ದು, ಕಲಿಯೋರಿಗೆ ಹೇಳಿ ಮಾಡಿಸಿದ್ದು’ ಅಂತ ಬೇರೆ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. 450 ಅಂದರೆ ಸಾಮಾನ್ಯವಾಗಿ ಕಲೆಕ್ಟಿವ್ ಪಿಚ್. ಸ್ಟಿಕ್ ಅಲುಗಿಸಿದಷ್ಟೂ ಬ್ಲೇಡಿನ ಓರೆಯೇ ಬದಲಾಗುತ್ತದೆ. ಒಂಚೂರು ಜಾಸ್ತಿಯಾದರೆ ನೆಲ ಕಚ್ಚುತ್ತದೆ. ಕಲಿಯೋರಿಗಂತೆ!

ಭಾನುವಾರ ಅವನ ಮನೆ ಟೆರೇಸಿಗೆ ಹೋದೆ. ಹಾರಿಸಿ ತೋರಿಸಿ ಅಂದೆ. ಹತ್ತು ಸೆಕೆಂಡು ನೆಲದ ಮೇಲೇ ಬ್ಲೇಡು ತಿರುಗಿಸಿ ನಿಲ್ಲಿಸಿದ. ಬಾಲ ನಡುಗುತ್ತಿತ್ತು. ಕೇಳಿದರೆ ‘ಹೊಸ ಬ್ಲೇಡು, ಸೆಟ್ ಆಗುತ್ತೆ’ ಅಂದ. ‘ಮೇಲೆ ಎಬ್ಬಿಸಲ್ವಾ?’ ಅಂದೆ. ‘ಇವತ್ತು ಗಾಳಿ ಜಾಸ್ತಿ ಬ್ರೋ, ರಿಸ್ಕು.’

ಪಕ್ಕದ ಮನೆ ತಂತಿಯ ಮೇಲೆ ಒಂದು ಬಿಳಿ ಪಂಚೆ ಒಣಗುತ್ತಿತ್ತು. ಅದರ ಅಂಚು ಕೂಡ ಅಲ್ಲಾಡುತ್ತಿರಲಿಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ‘ಹೌದು, ಗಾಳಿ ಇದೆ’ ಅಂದೆ. ಯಾಕೆ ಅಂದೆನೋ ಇವತ್ತಿಗೂ ಗೊತ್ತಿಲ್ಲ. ‘ಸಂಜೆ ಇನ್ನೊಬ್ಬರು ಬರ್ತಿದಾರೆ’ ಅಂತ ಅವನು ಅಂದಿದ್ದೇ ತಡ, ಕ್ಯೂಆರ್ ಸ್ಕ್ಯಾನ್ ಮಾಡಿ ಪೂರ್ತಿ ದುಡ್ಡು ಕಳಿಸಿಬಿಟ್ಟೆ. ಆ ಪಂಚೆ ಮಾತ್ರ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಜಕ್ಕೂರು, ಯಲಹಂಕ ಕಡೆ ವಿಮಾನಗಳ ಓಡಾಟ, ಅಲ್ಲಿ ಬೇಡ ಅಂತ ಕನಕಪುರ ರಸ್ತೆಯಾಚೆ ಒಂದು ಖಾಲಿ ಲೇಔಟಿಗೆ ಒಯ್ದೆ. ಮೊಳದೆತ್ತರ ಎದ್ದಿತು. ಬಾಲ ಗಡಗಡ ನಡುಗಿತು. ಗಿರ್ರನೆ ಒಂದು ಸುತ್ತು ಸುತ್ತಿ ಪಕ್ಕಕ್ಕೆ ಮಗುಚಿತು. ಮುರಿದ ಬ್ಲೇಡಿನ ಚೂರು ಸ್ಕೂಟರ್ ದಾಟಿ ಬಿತ್ತು. ಅಕ್ಕನ ಮಗ ಆ ಸ್ಕೂಟರ್ ಹಿಂದೆ ಕೂತಿದ್ದ. ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಈ ಸೈಜಿನ ಬ್ಲೇಡಿನ ತುದಿಯ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಆಟದ ಸಾಮಾನು ಅಲ್ಲ ಸ್ವಾಮಿ ಇದು.

ವರ್ಷಗಳಿಂದ ಹಾರಿಸುವ ಪರಿಚಯದ ಹಿರಿಯರೊಬ್ಬರಿಗೆ ತೋರಿಸಿದೆ. ಬ್ಲೇಡುಗಳನ್ನು ಹಿಡಿದಿರುವ ಬೆರಳುದ್ದದ ಫೆದರಿಂಗ್ ಶಾಫ್ಟ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿದರು. ಕುಂಟುತ್ತಾ ಉರುಳಿತು. ಸರಿ, ಅದು ನಾನು ಬೀಳಿಸಿದಾಗಲೇ ಡೊಂಕಾಗಿರಬಹುದು, ಒಪ್ಪುತ್ತೇನೆ. ಆದರೆ ಕಾರ್ಬನ್ ಫ್ರೇಮಿನ ಬಿರುಕಿಗೆ ಫೆವಿಕ್ವಿಕ್ ಹಚ್ಚಿ, ಮೇಲೆ ಕಪ್ಪು ಮಾರ್ಕರ್ ಬಳಿದವನು ನಾನಾ? ಬ್ಯಾಟರಿಯ ಹೊಸ ಕಪ್ಪು ಟೇಪ್ ಕಿತ್ತರೆ ಒಳಗೆ ಪೂರಿ ಹಾಗೆ ಉಬ್ಬಿತ್ತು. ಫುಲ್ ಚಾರ್ಜ್ ಆದಾಗ ಅದರೊಳಗಿನ ಮೂರೂ ಸೆಲ್ 4.2 ವೋಲ್ಟ್ ತೋರಿಸಬೇಕು. ಒಂದು 3.6ಕ್ಕೇ ನಿಂತಿತ್ತು. ಉಬ್ಬಿದ ಲಿಪೋ ಚಾರ್ಜಿಗೆ ಹಾಕಿದರೆ ಬೆಂಕಿ ಹತ್ತಿಕೊಳ್ಳಬಹುದು. ನಾನು ಅದನ್ನು ಮಂಚದ ಪಕ್ಕ ಚಾರ್ಜಿಗೆ ಹಾಕಿ ಮಲಗಿದ್ದೆ!

ಫೋಟೋ ಸಮೇತ ಅವನಿಗೆ ಕಳಿಸಿದೆ. ಉತ್ತರ ನೋಡಿ: ‘ನಾನು ಕೊಟ್ಟಾಗ ಪಕ್ಕಾ ಇತ್ತು ಬ್ರೋ.’ ಫೆವಿಕ್ವಿಕ್ ಬಗ್ಗೆ ಕೇಳಿದರೆ ‘ಅದು ಫ್ಯಾಕ್ಟರಿ ಗ್ಲೂ.’ ಫ್ಯಾಕ್ಟರಿ ಗ್ಲೂ! ಮಾರ್ಕರ್ ಪೆನ್ನೂ ಫ್ಯಾಕ್ಟರಿದೇನಾ ಅಂದೆ. ಎರಡು ದಿನ ಸದ್ದಿಲ್ಲ. ಆಮೇಲೆ ‘ಹೆಲಿ ಎಲ್ರಿಗೂ ಬರಲ್ಲ ಬ್ರೋ, ನೀವು ಡ್ರೋನ್ ತಗೋಬೇಕಿತ್ತು’, ಜೊತೆಗೆ ನಗುವ ಇಮೋಜಿ. ದುಡ್ಡಿಗಿಂತ ಆ ಇಮೋಜಿ ಜಾಸ್ತಿ ಉರಿಸಿತು. ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂದೆ. ಬ್ಲಾಕ್.

ಕಣ್ಣೆದುರು ಹಾರಿಸಿ ತೋರಿಸದಿದ್ದರೆ ಒಂದು ರೂಪಾಯಿ ಕೊಡಬೇಡಿ. ಬ್ಯಾಟರಿಯ ಟೇಪ್ ಬಿಚ್ಚಿಸಿ ನೋಡಿ. ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್, ಆಮೇಲೆ ಚಿಕ್ಕ ಫಿಕ್ಸೆಡ್ ಪಿಚ್ ಹೆಲಿಕಾಪ್ಟರ್, ಅಂದರೆ ಬ್ಲೇಡಿನ ಓರೆ ಬದಲಾಗದ್ದು. ಆ ಹಿರಿಯರು ನನಗೆ ಹೇಳಿದ್ದೂ ಇದನ್ನೇ, ದುಡ್ಡು ಹೋದ ಮೇಲೆ.

ನಿನ್ನೆ ತಮ್ಮನ ಫೋನಿನಲ್ಲಿ ಹುಡುಕಿದೆ. ಅದೇ ರೆಡ್ ಆಕ್ಸೈಡ್ ನೆಲ, ಬೇರೆ ಹೆಲಿಕಾಪ್ಟರ್. ‘ಎರಡೇ ಸಲ ಹಾರಿಸಿದ್ದು.’ ಈ ಸಲ 26,000.