ಗಂಗಾವತಿಯ ರೈಸ್ ಮಿಲ್ಲಿಗೆ ಯಾವ ಲೆಕ್ಕ: ಕ್ಯಾಲೆಂಡರ್ ಗಂಟೆಯೋ, ಓಡಿದ ಗಂಟೆಯೋ?

ಮಿಲ್ಲಿಗೆ ಮೇಂಟೆನೆನ್ಸ್ ಸಾಫ್ಟ್‌ವೇರ್ ಹಾಕಿಸುವ ಮೊದಲು ಇದೊಂದನ್ನು ಕೇಳಿ: ಎಂಟಿಬಿಎಫ್, ಅಂದರೆ ಎರಡು ಬ್ರೇಕ್‌ಡೌನ್‌ಗಳ ನಡುವಿನ ಸರಾಸರಿ ಸಮಯವನ್ನು ಅದು ಯಾವ ಗಂಟೆಯಿಂದ ಲೆಕ್ಕ ಹಾಕುತ್ತದೆ?

ಕ್ಯಾಲೆಂಡರ್ ಲೆಕ್ಕ ಸುಲಭ, ಯಾರೂ ಮೀಟರ್ ನೋಡಬೇಕಿಲ್ಲ. 30 ದಿನಕ್ಕೆ 720 ಗಂಟೆ. ಶೆಲ್ಲರ್, ಅಂದರೆ ಭತ್ತದ ಹೊಟ್ಟು ಸುಲಿಯುವ ಯಂತ್ರ, ಮೂರು ಸಲ ಕೆಟ್ಟರೆ ಎಂಟಿಬಿಎಫ್ 240 ಗಂಟೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತು, ಭತ್ತದ ಆವಕ ಕಡಿಮೆಯಾಗಿ, ಮಿಲ್ಲು ಸುಮ್ಮನೆ ನಿಂತಾಗಲೂ ಈ ಅಂಕಿ ಏರುತ್ತಲೇ ಇರುತ್ತದೆ. ಯಂತ್ರ ಸುಧಾರಿಸಿತು ಎಂದು ನಂಬಿಬಿಡುತ್ತೀರಿ.

ಅದೇ ಶೆಲ್ಲರ್ ನಿಜವಾಗಿ ಓಡಿದ್ದು 300 ಗಂಟೆಯಾದರೆ ಎಂಟಿಬಿಎಫ್ ಬರೀ 100. ಇದಕ್ಕೆ ಶ್ರಮ ಬೇಕು: ಪ್ರತಿ ಶಿಫ್ಟಿನ ಕೊನೆಗೆ ಆಪರೇಟರ್ ತೌಡಿನ ಧೂಳು ಒರೆಸಿ ಯಂತ್ರ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ಓದಿ ತುಂಬಬೇಕು. ಶೆಲ್ಲರ್‌ನ ಸವೆದ ರಬ್ಬರ್ ರೋಲನ್ನು ಮೊದಲೇ ಗೊತ್ತುಮಾಡಿದ ಹೊತ್ತಿಗೆ ಬದಲಿಸಿದ್ದನ್ನು ಬ್ರೇಕ್‌ಡೌನ್ ಎಂದು ಬರೆಯಬಾರದು. ಆದರೂ ನನ್ನ ಆಯ್ಕೆ ಇದೇ.

ರಿಪೇರಿಯ ಸರಾಸರಿ ಸಮಯ, ಎಂಟಿಟಿಆರ್, ಎರಡರಲ್ಲೂ ಒಂದೇ. ಬೇರಿಂಗ್ ತರಲು ಹೊಸಪೇಟೆಗೆ ಹೋಗಿಬಂದ ಹೊತ್ತನ್ನು ಬೇರೆ ಕಾಲಮ್ಮಿನಲ್ಲಿ ಬರೆಯಲು ಬಿಡುವ ಸಾಫ್ಟ್‌ವೇರನ್ನೇ ಹುಡುಕಿ. ತಡವಾಗಿದ್ದು ಮಿಸ್ತ್ರಿಯ ಕೈಯಲ್ಲೋ, ಸ್ಪೇರ್ ಇಲ್ಲದೆಯೋ ಅಲ್ಲೇ ಗೊತ್ತಾಗುತ್ತದೆ.