ಗಾಡಿಗೆ ಎರಡನೇ ಬ್ಯಾಟರಿ ಹಾಕಿಸುತ್ತಿದ್ದೀರಾ? ಮೊದಲು ಮುಂದಿನ ಬ್ಯಾಟರಿಯ ಫ್ಯೂಸ್ ನೋಡಿ

ಕ್ಯಾಂಪಿಂಗಿಗೆ ಹೋದಾಗ ಸಣ್ಣ ಫ್ರಿಡ್ಜ್, ದೀಪ ಎಲ್ಲಾ ಗಾಡಿಯ ಬ್ಯಾಟರಿಯಲ್ಲೇ ಓಡಿಸುತ್ತಿದ್ದೆ. ಒಂದು ಬೆಳಗ್ಗೆ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಅದಾದ ಮೇಲೆ ಡಿಕ್ಕಿಯಲ್ಲಿ ಎರಡನೇ ಬ್ಯಾಟರಿ ಕೂರಿಸಿದೆ. ಅಲ್ಲ, ಕೂರಿಸಿಕೊಟ್ಟವರು ಬೇರೆಯವರು. "ಫ್ಯೂಸ್ ಹಾಕಿದ್ದೀರಾ?" ಅಂತ ಕೇಳಿದ್ದೆ. ಡಿಕ್ಕಿ ತೆಗೆದು ತೋರಿಸಿದರು. ಫ್ಯೂಸ್ ಇತ್ತು, ಎಂಜಿನ್ ಓಡುವಾಗ ಮಾತ್ರ ಎರಡೂ ಬ್ಯಾಟರಿಗಳನ್ನು ಜೋಡಿಸುವ ಸ್ವಿಚ್, ಅಂದರೆ ರಿಲೇ ಕೂಡ ಅದರ ಪಕ್ಕದಲ್ಲೇ ಇತ್ತು. ನೆಮ್ಮದಿಯಾಯಿತು.

ಕೆಲವು ತಿಂಗಳ ನಂತರ ಕಲ್ಲುಮಣ್ಣಿನ ದಾರಿಯಲ್ಲಿ ಹೋಗುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಆಮೇಲೆ ಡ್ಯಾಶ್‌ಬೋರ್ಡ್ ಕೆಳಗಿನಿಂದ ಹೊಗೆ. ತಕ್ಷಣ ನಿಲ್ಲಿಸಿ ಕೀ ತೆಗೆದೆ. ಹೊಗೆ ನಿಲ್ಲಲಿಲ್ಲ! ಹಿಂದೆ ಕೂತಿದ್ದ ಮಕ್ಕಳನ್ನು ದೂರ ಕಳಿಸಿ, ಬಾನೆಟ್ ಎತ್ತಿ, ನಡುಗುವ ಕೈಯಲ್ಲಿ ಸ್ಪ್ಯಾನರ್ ಹಿಡಿದು ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿದೆ. ಆಗ ನಿಂತಿತು. ಆ ಕೆಲವು ನಿಮಿಷ ಇವತ್ತಿಗೂ ನೆನಪಾಗುತ್ತದೆ. ಆಮೇಲೆ ನೋಡಿದರೆ ಅಕ್ಕಪಕ್ಕದ ವೈರುಗಳೂ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಆದದ್ದು ಇಷ್ಟೇ. ಎರಡೂ ಬ್ಯಾಟರಿಗಳನ್ನು ಜೋಡಿಸಲು ಎಂಜಿನ್ ಕಡೆಯಿಂದ ಒಳಗೆ ಬರುವ ಪಾಸಿಟಿವ್ ವೈರನ್ನು ತಗಡಿನ ತೂತಿನಲ್ಲಿ ಹಾಗೇ ತೂರಿಸಿದ್ದರು. ರಬ್ಬರ್ ಬುಶ್ ಇರಲಿಲ್ಲ. ಗಾಡಿ ಅಲುಗಾಡಿದಂತೆಲ್ಲ ತಗಡಿನ ಅಂಚು ಇನ್ಸುಲೇಶನ್ ಸವೆಸಿ ತಾಮ್ರಕ್ಕೆ ತಾಗಿತು. ಷಾರ್ಟ್ ಆಯಿತು. ಡಿಕ್ಕಿಯ ಫ್ಯೂಸ್ ಸುಟ್ಟಿತ್ತು, ಅಂದರೆ ಹಿಂದಿನ ಬ್ಯಾಟರಿಯಿಂದ ಕರೆಂಟ್ ಬರುವುದು ನಿಂತಿತ್ತು. ಆದರೆ ಮುಂದಿನ ಬ್ಯಾಟರಿಯನ್ನು ತಡೆಯುವವರು ಯಾರು? ಆ ವೈರಿಗೆ ಎರಡೂ ತುದಿಯಲ್ಲಿ ಬ್ಯಾಟರಿ ಇದೆ, ಅಲ್ವಾ? ಹಾಗಾಗಿ ಎರಡೂ ತುದಿಗೂ ಫ್ಯೂಸ್ ಬೇಕು. ಎಂಜಿನ್ ತಿರುಗಿಸುವ ಬ್ಯಾಟರಿ ಷಾರ್ಟ್ ಆದಾಗ ನೂರಾರು ಆಂಪಿಯರ್ ಕೊಡಬಲ್ಲದು. ಈ ವೈರ್ ನೇರವಾಗಿ ಬ್ಯಾಟರಿಯಿಂದಲೇ ಬರುವುದರಿಂದ ಕೀ ತೆಗೆದರೂ ಪ್ರಯೋಜನವಿಲ್ಲ.

ಫ್ಯೂಸ್ ಇರುವುದು ಫ್ರಿಡ್ಜ್ ಕಾಪಾಡಲು ಅಂತ ನಾನು ತಿಳಿದಿದ್ದೆ. ಅದು ಕಾಪಾಡುವುದು ವೈರನ್ನು. ವೈರ್ ತಡೆದುಕೊಳ್ಳುವ ಕರೆಂಟಿಗಿಂತ ಜಾಸ್ತಿ ಆಂಪಿಯರಿನ ಫ್ಯೂಸ್ ಹಾಕಿದರೆ ಇದ್ದೂ ಇಲ್ಲದಂತೆ. ಈಗ ನನ್ನ ಗಾಡಿಯಲ್ಲಿ 16 ಚದರ ಮಿಲಿಮೀಟರಿನ ತಾಮ್ರದ ವೈರ್ ಇದೆ, ಎರಡೂ ಬ್ಯಾಟರಿಗಳ ಹತ್ತಿರ 40 ಆಂಪಿಯರಿನ ಒಂದೊಂದು ಫ್ಯೂಸ್ ಇದೆ, ಉದ್ದಕ್ಕೂ ಪೈಪಿನ ಹೊದಿಕೆ ಇದೆ. ವೈರ್ ಕೊಳ್ಳುವಾಗ ತುದಿ ಸುಲಿದು ನೋಡಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ವೈರ್ ಹೊರಗಿನಿಂದ ಅಷ್ಟೇ ದಪ್ಪ ಕಾಣುತ್ತದೆ, ಆದರೆ ಅಷ್ಟು ಕರೆಂಟ್ ತಡೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು. ನನ್ನ ಹಳೆಯ ಜೋಡಣೆಯಲ್ಲಿ ಎರಡನೇ ಬ್ಯಾಟರಿ ಯಾವತ್ತೂ ತುಂಬುತ್ತಲೇ ಇರಲಿಲ್ಲ. ದಿನವಿಡೀ ಓಡಿಸಿದರೂ ರಾತ್ರಿಯಿಡೀ ಹಾಗೇ ಬಿಟ್ಟು ಅಳೆದರೆ 12.3 ವೋಲ್ಟ್. ತುಂಬಿದ ಲೆಡ್ ಆಸಿಡ್ ಬ್ಯಾಟರಿ 12.6 ದಾಟಬೇಕು. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವುದು ಆಲ್ಟರ್ನೇಟರ್. ಅನೇಕ ಹೊಸ ಗಾಡಿಗಳಲ್ಲಿ ಅದು ಇಂಧನ ಉಳಿಸಲು ವೋಲ್ಟೇಜ್ ಇಳಿಸುತ್ತದೆ. ಬರೀ ರಿಲೇ ಇದ್ದರೆ ಅಲ್ಲಿ ಸಾಲದು, ಆ ವೋಲ್ಟೇಜನ್ನು ಎರಡನೇ ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಲಿಥಿಯಂ ಹಾಕುವವರಂತೂ ಇದನ್ನು ಬಿಡಲೇಬೇಡಿ. ಲಿಥಿಯಂ ಬ್ಯಾಟರಿ ತಡೆಯಿಲ್ಲದೆ ಕರೆಂಟ್ ಎಳೆದು ಆಲ್ಟರ್ನೇಟರನ್ನೇ ಸುಡಬಹುದು.

ಈಗಾಗಲೇ ಹಾಕಿಸಿದ್ದರೆ ಇವತ್ತೇ ಬಾನೆಟ್ ತೆಗೆಯಿರಿ. ಮುಂದಿನ ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಆ ವೈರಿನ ಜೊತೆಗೇ ಕಣ್ಣು ಹಾಯಿಸಿ. ಒಂದು ಗೇಣಿನೊಳಗೆ ಫ್ಯೂಸ್ ಸಿಗದಿದ್ದರೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಆ ವೈರನ್ನೂ ಬಿಚ್ಚಿ ತುದಿಗೆ ಟೇಪ್ ಸುತ್ತಿಡಿ. ಇನ್ನೊಂದು ತುದಿಯಲ್ಲೂ ಹೀಗೇ ಮಾಡಿ. ಆಮೇಲೆ ಮುಂದಿನ ಬ್ಯಾಟರಿಯ ನೆಗೆಟಿವ್ ಮತ್ತೆ ಹಾಕಿ. ಫ್ಯೂಸ್ ಹಾಕಿಸುವವರೆಗೆ ಫ್ರಿಡ್ಜ್ ಇಲ್ಲದೆಯೇ ಹೋಗಿಬನ್ನಿ.