ಕೊಬ್ಬರಿ ಎಣ್ಣೆಯ ಕೋಲ್ಡ್ ಪ್ರೋಸೆಸ್ ಸೋಪು: ಮೈಗೆ ಸೈ, ಮುಖಕ್ಕೆ ಬೇಡ

ತಿಪಟೂರು ಕಡೆಯ ಒಂದು ಚಿಕ್ಕ ಮನೆ ಘಟಕದಿಂದ ಆನ್‌ಲೈನ್‌ನಲ್ಲಿ ಸೋಪು ತರಿಸಿದ್ದೆ. ಹೆಸರು ಹೇಳುವುದಿಲ್ಲ, ಹೊಗಳಿಕೆ ಜೊತೆ ತಕರಾರೂ ಇದೆ. ಮೂರು ಬಗೆ ತಗೊಂಡೆ. ಒಂದು ಬೇರೇನೂ ಸೇರಿಸದ ಬರೀ ಎಣ್ಣೆಯದು, ಒಂದು ಅರಿಶಿನದ್ದು, ಇನ್ನೊಂದು ಆಡಿನ ಹಾಲು, ಕೇಸರಿ ಎಂದೆಲ್ಲ ಬರೆದಿದ್ದು. 100 ಗ್ರಾಂಗೆ 160 ರೂಪಾಯಿಯಿಂದ 280ರ ತನಕ. ಮೂರರಲ್ಲಿ ಗೆದ್ದಿದ್ದು ಎಲ್ಲಕ್ಕಿಂತ ಅಗ್ಗದ್ದು, ಬರೀ ಎಣ್ಣೆಯದು.

ಕಾರಣ ಇದೆ. ಈ ಸೋಪು ಚರ್ಮಕ್ಕೆ ಹಿತ ಅನ್ನಿಸುವುದು ಕೇಸರಿಯಿಂದಲ್ಲ, ಅದನ್ನು ಮಾಡುವ ರೀತಿಯಿಂದ. ಕಾಸ್ಟಿಕ್ ಸೋಡಾವನ್ನು ನೀರಿನಲ್ಲಿ ಕರಗಿಸಿ (ಸೋಡಾವನ್ನು ನೀರಿಗೆ ಹಾಕಬೇಕು, ಯಾವತ್ತೂ ಸೋಡಾ ಮೇಲೆ ನೀರು ಸುರಿಯಬಾರದು, ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ) ಅದನ್ನು ಎಣ್ಣೆಗೆ ಸೇರಿಸಿ, ದೋಸೆ ಹಿಟ್ಟಿನ ಹದಕ್ಕೆ ಬರುವ ತನಕ ಕಲಸಿ, ಅಚ್ಚಿಗೆ ಸುರಿದು ಸುಮ್ನೆ ಬಿಡುತ್ತಾರೆ. ಒಲೆ ಮೇಲೆ ಕುದಿಸುವುದಿಲ್ಲ, ಕೋಲ್ಡ್ ಪ್ರೋಸೆಸ್ ಅನ್ನುವುದು ಅದಕ್ಕೇ. ಒಂದೆರಡು ದಿನದಲ್ಲಿ ಸೋಡಾ ಹೆಚ್ಚು ಕಡಿಮೆ ಪೂರ್ತಿ ಎಣ್ಣೆಯೊಂದಿಗೆ ಸೇರಿ ಸೋಪು ಮತ್ತು ಗ್ಲಿಸರಿನ್ ಆಗಿರುತ್ತದೆ. ಆಮೇಲೆ 4ರಿಂದ 6 ವಾರ ಗಾಳಿಯಾಡುವ ಕಡೆ ಇಟ್ಟು ಒಣಗಿಸಬೇಕು. ನೀರಿನಂಶ ಹೋಗಿ ಬಿಲ್ಲೆ ಗಟ್ಟಿಯಾಗುವುದು ಆಗಲೇ.

ಚರ್ಮದ ತೇವ ಹಿಡಿದಿಡುವುದು ಈ ಗ್ಲಿಸರಿನ್. ಹಲವು ದೊಡ್ಡ ಕಾರ್ಖಾನೆಗಳು ಅದನ್ನು ಬೇರೆ ಮಾಡಿ ತೆಗೆಯುತ್ತವೆ. ಇಲ್ಲಿ ಅದು ಸೋಪಿನಲ್ಲೇ ಉಳಿಯುತ್ತದೆ. ಜೊತೆಗೆ ಸೋಡಾವನ್ನು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಹಾಕಿ ಒಂದಷ್ಟು ಎಣ್ಣೆಯನ್ನು ಹಾಗೇ ಬಿಡುತ್ತಾರೆ, ಸೂಪರ್‌ಫ್ಯಾಟ್ ಅನ್ನುವುದು ಇದಕ್ಕೆ. ಸಾಮಾನ್ಯವಾಗಿ 5%ರಷ್ಟು ಇರುತ್ತದೆ. ಬರೀ ಕೊಬ್ಬರಿ ಎಣ್ಣೆ ಸೋಪಾದರೆ ಅಷ್ಟು ಸಾಲದು. ನೊರೆ ಚೆನ್ನಾಗಿ ಬಂದರೂ ಮೈಯ ಎಣ್ಣೆಯನ್ನೆಲ್ಲ ಎಳೆದುಬಿಡುತ್ತದೆ, ಅದಕ್ಕೇ 20%ರ ತನಕ ಬಿಡುವವರಿದ್ದಾರೆ. ನಾನು ಮೆಸೇಜ್ ಮಾಡಿ ಕೇಳಿದಾಗ ಇವರು ಹರಳೆಣ್ಣೆ, ಅಕ್ಕಿ ತೌಡಿನ ಎಣ್ಣೆ ಬೆರೆಸಿ 8% ಬಿಡುತ್ತೇವೆ ಎಂದರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟರಲ್ಲ, ಅದಕ್ಕೆ ಮೆಚ್ಚುಗೆ.

ಬಳಸಿದ ಅನುಭವ ಹೇಳುವುದಾದರೆ, ಬೆಂಗಳೂರಿನ ಚಳಿಗಾಲದಲ್ಲಿ ಸ್ನಾನವಾದ ಮೇಲೆ ಮೊಣಕಾಲ ಕೆಳಗೆ ಚರ್ಮ ಬಿಗಿದು ಬಿಳಿ ಬಿಳಿ ಆಗುತ್ತದಲ್ಲ, ಅದು ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ, ಎಣ್ಣೆ ಹಚ್ಚುವುದು ತಪ್ಪಲಿಲ್ಲ. ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಮೈಸೂರು ಸ್ಯಾಂಡಲ್ ಬಳಸಿ ಅಭ್ಯಾಸ ಇರುವ ನಮ್ಮ ಮನೆಯಲ್ಲಿ "ಇದೇನು ಸಪ್ಪೆ" ಎಂದರು. ನನಗೆ ಅದೇ ಇಷ್ಟವಾಯಿತು. ಘಮಘಮ ಅನ್ನುವ ಸೋಪು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ.

ನಮ್ಮದು ಬೋರ್‌ವೆಲ್ ನೀರು. ಕೋಲ್ಡ್ ಪ್ರೋಸೆಸ್ ಇರಲಿ, ಬೇರೆ ಯಾವುದೇ ಇರಲಿ, ನಿಜವಾದ ಸೋಪು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಜಿಡ್ಡು ಕಟ್ಟುತ್ತದೆ. ಬಕೆಟ್ ಸುತ್ತ ಬೂದು ಗೆರೆ ಬರುತ್ತದೆ, ಉಜ್ಜಬೇಕು. ಕೊಬ್ಬರಿ ಎಣ್ಣೆ ಇರುವುದರಿಂದ ನೊರೆಯಾದರೂ ಬರುತ್ತದೆ ಅನ್ನುವುದೊಂದು ಸಮಾಧಾನ. ಅದೇ ಬಿಲ್ಲೆಯ ಒಂದು ತುಂಡನ್ನು ತೀರ್ಥಹಳ್ಳಿಯ ನೆಂಟರ ಮನೆಗೆ ಒಯ್ದಿದ್ದೆ. ಅಲ್ಲಿನ ಮೆದು ಬಾವಿ ನೀರಲ್ಲಿ ಬೇರೆ ಸೋಪೇ ಅನ್ನಿಸಿತು. ತಲೆಗಂತೂ ನಮ್ಮ ನೀರಿನಲ್ಲಿ ಇದನ್ನು ಹಚ್ಚಬೇಡಿ, ಕೂದಲು ಅಂಟಂಟಾಗುತ್ತದೆ. ಅದಕ್ಕೆ ಸೀಗೆಪುಡಿ ಇದೆ.

ಮುಖಕ್ಕೂ ಬೇಡ ಅನ್ನುತ್ತೇನೆ. ಎಷ್ಟೇ ಚೆನ್ನಾಗಿ ಒಣಗಿಸಿದರೂ ಸೋಪಿನ ಪಿಎಚ್ (ಹುಳಿ, ಕ್ಷಾರ ಅಳೆಯುವ ಲೆಕ್ಕ, 7ಕ್ಕಿಂತ ಮೇಲಾದರೆ ಕ್ಷಾರ) 9ರಿಂದ 10ರ ಆಸುಪಾಸು ಇರುತ್ತದೆ, ಚರ್ಮದ್ದು 5ರ ಹತ್ತಿರ. ಇಸಬು ಇರುವವರು "ಹ್ಯಾಂಡ್‌ಮೇಡ್" ಅಂತ ನೋಡಿ ಹಚ್ಚಿಕೊಳ್ಳುವ ಬದಲು ಚರ್ಮದ ಡಾಕ್ಟರನ್ನು ಕೇಳುವುದು ವಾಸಿ.

ಈಗ ಅರಿಶಿನದ್ದು. ಹಳದಿ ಬರುತ್ತದೆ ಅಂದುಕೊಂಡು ತರಿಸಿದರೆ ಬಂದಿದ್ದು ಇಟ್ಟಿಗೆ ಬಣ್ಣ. ಇದು ದೋಷವಲ್ಲ. ಆರತಿ ನೀರಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ, ಇಲ್ಲಿ ಸೋಡಾ ಮಾಡುವುದೂ ಅದನ್ನೇ. ಅಚ್ಚ ಹಳದಿ ಸೋಪು ಕಂಡರೆ ಬಣ್ಣ ಹಾಕಿದ್ದಾರಾ ಅಂತ ಕೇಳಬೇಕಾಗುತ್ತದೆ. ಆದರೆ ಅರಿಶಿನದಿಂದ ಮೈಗೆ ಜಾಸ್ತಿ ಏನೋ ಸಿಕ್ಕಿತು ಅಂತ ನನಗೆ ಅನ್ನಿಸಲಿಲ್ಲ. ಅರ್ಧ ನಿಮಿಷದಲ್ಲಿ ತೊಳೆದುಹೋಗುವ ವಸ್ತು ಅದು, ಏನು ಮಾಡೀತು ಹೇಳಿ!

ತಕರಾರು ಇರುವುದು ಆಡಿನ ಹಾಲಿನದರ ಮೇಲೆ. 280 ರೂಪಾಯಿ ಕೊಟ್ಟಿದ್ದಕ್ಕೆ ಬಂದಿದ್ದು ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿನ ಬಿಲ್ಲೆ. ಸರಿಯಾಗಿ ಒಣಗಿಸದೆ ಕಳಿಸಿದ್ದಾರೆ ಅನ್ನಿಸಿತು. ಸೋಪಿನ ಡಬ್ಬಿಯಲ್ಲಿ ಕರಗಿ ಲೋಳೆಯಾಯಿತು, ಸ್ವಲ್ಪ ದಿನಕ್ಕೆ ಕಿತ್ತಳೆ ಬಣ್ಣದ ಚುಕ್ಕೆಗಳೂ ಬಂದವು. ಹೀಗಾಗುವುದು ಉಳಿದ ಎಣ್ಣೆ ಕಮಟು ಹಿಡಿದಾಗ. ರ‍್ಯಾಪರ್ ಮೇಲೆ ತಯಾರಿಸಿದ ದಿನಾಂಕ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಮಾರುವುದಕ್ಕೆ ಸೋಪು ಮಾಡುವವರು ಇವೆರಡನ್ನೂ ಹಾಕಲೇಬೇಕು. ಅದು ಬಿಟ್ಟು "ಕಲೆ ಮಾಯ, ಕೆಮಿಕಲ್ ಇಲ್ಲ" ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಕೆಮಿಕಲ್ ಇಲ್ಲದೆ ಸೋಪು ಹೇಗಾಯಿತು ಸ್ವಾಮಿ? ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಸರಿಯಾದ ಲೆಕ್ಕದಲ್ಲಿ ಮಾಡಿದ ಬಿಲ್ಲೆಯಲ್ಲಿ ಅದು ಉಳಿದಿರುವುದಿಲ್ಲ, ಹೆದರುವ ಅಗತ್ಯವೂ ಇಲ್ಲ. ಅದನ್ನೇ ಬರೆದರೆ ಆಗುತ್ತಿತ್ತು.

ತರಿಸುವವರು ಅಚ್ಚಿಗೆ ಹಾಕಿ ಎಷ್ಟು ವಾರ ಆಯಿತು ಅಂತ ಮೊದಲು ಕೇಳಿ. ಬಂದ ಮೇಲೂ ನೀರು ಸೋರಿಹೋಗುವ ತಟ್ಟೆಯಲ್ಲಿಡಿ, ಇಲ್ಲದಿದ್ದರೆ ಬೇಗ ಸವೆಯುತ್ತದೆ.

ಚುಕ್ಕೆ ಬಂದ ಬಿಲ್ಲೆಯ ಫೋಟೋ ಕಳಿಸಿದ್ದೆ. ದುಡ್ಡು ವಾಪಸ್ ಕೊಡುವುದಿಲ್ಲವಂತೆ, ಇನ್ನೊಂದು ಆಡಿನ ಹಾಲಿನದು ಕಳಿಸುತ್ತಾರಂತೆ. ಅದು ಬೇಡ, ಅದೇ ದುಡ್ಡಿಗೆ ಬರೀ ಎಣ್ಣೆಯದು ಕಳಿಸಿ ಎಂದಿದ್ದೇನೆ.